ಮೊದಲ ಬಿಲ್ಲು, ಅದಕ್ಕೆ ಗುರಿ ನೋಡೋ ಮೊದಲ ಸೈಟ್: ಮಿಚಿಗನ್‌ನಲ್ಲಿ ಜಿಂಕೆ ಬೇಟೆಗೆ ಏನು ತಗೊಳ್ಳಲಿ?

ತುಮಕೂರು ಟು ಕ್ಯಾಂಟನ್ · 2025 ಜುಲೈ 12

ಎಲ್ಲರಿಗೂ ನಮಸ್ಕಾರ. ಬೇಟೆ ಅಂದ್ರೆ ಆಗದೋರು ಈ ಥ್ರೆಡ್ ದಾಟಿ ಮುಂದಕ್ಕೆ ಹೋಗಿ, ನನಗೇನೂ ಬೇಜಾರಿಲ್ಲ. ನನ್ನ ಹೆಂಡತಿಯೂ ಅದನ್ನೇ ಮಾಡಿದಾಳೆ.

ನಾನಿರೋದು ಡೆಟ್ರಾಯ್ಟ್ ಪಕ್ಕದ ಕ್ಯಾಂಟನ್‌ನಲ್ಲಿ, ಬಂದು ಆರು ವರ್ಷ ಆಯ್ತು. ನಮ್ಮ ಮನೆತನದಲ್ಲಿ ಯಾರೂ ಬೇಟೆ ಆಡಿದೋರಲ್ಲ. ನಾನು ಬಿಲ್ಲು ಹಿಡಿದಿದ್ದು ಅಂದ್ರೆ ಏಳನೇ ಕ್ಲಾಸಲ್ಲಿ, ಬಿದಿರು ಸೀಳಿ ಮಾಡಿದ್ದು. ಅದರಲ್ಲಿ ಪಕ್ಕದ್ಮನೆ ಹುಡುಗನ ಕೆನ್ನೆಗೆ ಹೊಡೆದು ಅಪ್ಪನ ಕೈಲಿ ಒದೆ ತಿಂದಿದ್ದೆ. ಈಗ ಆಫೀಸಲ್ಲಿ ನನ್ನ ಪಕ್ಕ ಕೂರೋನು ಪ್ರತಿ ಅಕ್ಟೋಬರ್ ರಜಾ ಹಾಕಿ ಬಿಲ್ಲು ತಗೊಂಡು ಕಾಡಿಗೆ ಹೋಗ್ತಾನೆ. ಹೋದ ವರ್ಷ ನಾನೂ ಒಂದು ಸಂಜೆ ಅವನ ಜೊತೆ ಸುಮ್ಮನೆ ಕೂತಿದ್ದೆ. ಎರಡೂವರೆ ಗಂಟೆ ಫೋನ್ ನೋಡದೆ ಕೂತಿದ್ದು ಎಷ್ಟೋ ವರ್ಷದಲ್ಲಿ ಅದೇ ಮೊದಲು. ಅಲ್ಲಿಂದ ಹುಚ್ಚು ಹಿಡೀತು.

ಗನ್ ಬೇಡ ಅಂತ ತೀರ್ಮಾನ ಮಾಡಿದೀನಿ. ಇನ್ನೂ ಎಚ್-1ಬಿ ಮೇಲಿದೀನಿ. ನಮ್ಮಂಥೋರಿಗೆ ಬಂದೂಕಿನ ವಿಷಯದಲ್ಲಿ ಫೆಡರಲ್ ಕಾನೂನಿನ ನಿರ್ಬಂಧ, ಅದಕ್ಕೆ ವಿನಾಯಿತಿ, ಅದಕ್ಕೆ ಕಾಗದಪತ್ರ ಅಂತ ತೊಡಕು ಜಾಸ್ತಿ. ಬಿಲ್ಲು ಆ ಲೆಕ್ಕಕ್ಕೇ ಬರಲ್ಲ. ಹಂಟರ್ ಸೇಫ್ಟಿ ಕೋರ್ಸ್ ಮುಗಿಸಿದೀನಿ (1960ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದೋರಿಗೆ ಇಲ್ಲಿ ಅದು ಬೇಕೇ ಬೇಕು). ಸೀಸನ್ ಅಕ್ಟೋಬರ್ 1ಕ್ಕೆ ಶುರು.

ಮೊನ್ನೆ ಅಂಗಡಿಗೆ ಹೋಗಿ ತಲೆ ಕೆಟ್ಟುಹೋಯ್ತು. ಸೈಟ್‌ಗಳಿಗೇ ಒಂದು ಇಡೀ ಗೋಡೆ! ಮೂರು ಪಿನ್ನು (ಗುರಿಗೆ ಇಡೋ ಚುಕ್ಕಿ, ಒಂದೊಂದು ದೂರಕ್ಕೆ ಒಂದೊಂದು), ಐದು ಪಿನ್ನು, ಒಂದೇ ಪಿನ್ನಿಗೆ ಪಕ್ಕದಲ್ಲಿ ತಿರುಗಿಸೋ ಚಕ್ರ (ಇದಕ್ಕೆ ಸ್ಲೈಡರ್ ಅಂತಾರೆ), ರೆಡ್ ಡಾಟು, ದೂರ ತಾನೇ ಅಳೆಯೋದು. 40 ಡಾಲರಿಂದ ಹಿಡಿದು ನಮ್ಮ ಮೊದಲನೇ ಕಾರಿನ ಇಎಂಐವರೆಗೆ ಬೆಲೆ. ಅಂಗಡಿಯವನು "ಸೀರಿಯಸ್ ಆಗಿದ್ರೆ ಸಿಂಗಲ್ ಪಿನ್ ಸ್ಲೈಡರ್ ತಗೋ, 70 ಪೌಂಡ್ ಬಿಲ್ಲು ತಗೋ" ಅಂದ (ಪೌಂಡ್ ಅಂದ್ರೆ ಹೆದೆ ಎಳೆಯೋಕೆ ಬೇಕಾದ ಬಲ). ನನ್ನ ಬಜೆಟ್ ಎಲ್ಲಾ ಸೇರಿ 700 ಡಾಲರ್. ಎತ್ತರ 5 ಅಡಿ 7, ಜಿಮ್‌ಗೆ ಹೋಗೋದು ಜನವರಿಯಲ್ಲಿ ಮಾತ್ರ.

ಯಾವ ಸೈಟ್ ತಗೊಳ್ಳಲಿ, ಬೇರೆ ಏನೇನು ಬೇಕು, ಏನು ಬೇಡ, ಅನುಭವ ಇರೋರು ಹೇಳಿ.

---

ಲ್ಯಾನ್ಸಿಂಗ್ ಲಕ್ಕಿ · ಜುಲೈ 12

ಬ್ರೋ, ಇಷ್ಟು ತಲೆ ಯಾಕೆ ಕೆಡಿಸಿಕೊಳ್ತೀರಾ. ಕ್ರಾಸ್‌ಬೋ (ಬಂದೂಕಿನ ಹಾಗೆ ಹಿಡಿದು ಟ್ರಿಗರ್ ಒತ್ತೋ ಬಿಲ್ಲು) ತಗೊಳಿ, ಒಂದು ಮಧ್ಯಾಹ್ನದಲ್ಲಿ ಗುರಿ ಕೂರುತ್ತೆ. ಇಲ್ಲ, ಬಿಲ್ಲೇ ಬೇಕು ಅಂದ್ರೆ ನನ್ನ ಹಳೇ ಕಾಂಪೌಂಡ್ ಬಿಲ್ಲು (ತುದಿಗಳಲ್ಲಿ ರಾಟೆ ಇರೋದು) ಗ್ಯಾರೇಜಲ್ಲಿ ಧೂಳು ತಿಂತಿದೆ. ಬಲಗೈದು, 60ರಿಂದ 70 ಪೌಂಡ್, ಐದು ಪಿನ್ ಸೈಟ್, ಆರು ಬಾಣ, ಬತ್ತಳಿಕೆ ಎಲ್ಲಾ ಸೇರಿ 200 ಡಾಲರ್. ಕನ್ನಡದೋರು ಅಂತ ಈ ರೇಟು. ಲ್ಯಾನ್ಸಿಂಗ್‌ಗೆ ಬಂದ್ರೆ ಬಿಸಿಬೇಳೆಬಾತ್ ಫ್ರೀ.

---

ಮರಸು · ಜುಲೈ 13

ಲಕ್ಕಿಯವರ ಬಿಸಿಬೇಳೆಬಾತ್ ತಿಂದು ಬನ್ನಿ, ಬಿಲ್ಲು ಮಾತ್ರ ಅಲ್ಲೇ ಬಿಟ್ಟು ಬನ್ನಿ. ಯಾಕೆ ಅಂತ ಆಮೇಲೆ ಹೇಳ್ತೀನಿ.

ನಾನು ಸಕಲೇಶಪುರದ ಕಡೆಯವನು. ಇಲ್ಲಿ ನೋವೈ ಹತ್ತಿರ ಟೂಲಿಂಗ್ (ಕಾರ್ಖಾನೆಗೆ ಅಚ್ಚು, ಉಪಕರಣ ಮಾಡೋ) ಕೆಲಸ. ಬಿಲ್ಲು ಹಿಡಿದು ಒಂಬತ್ತು ಸೀಸನ್ ಆಯ್ತು. ಬಾಣ ತಾಗಿದ್ದು ಏಳು ಜಿಂಕೆಗೆ, ಮನೆಗೆ ತಂದದ್ದು ಆರು. ಆ ಇನ್ನೊಂದರ ಕಥೆಯಲ್ಲೇ ನಿಮ್ಮ ಸೈಟ್ ಪ್ರಶ್ನೆಗೆ ಉತ್ತರ ಇದೆ, ಹಾಗಾಗಿ ಅದರಿಂದಲೇ ಶುರು ಮಾಡ್ತೀನಿ.

ನನ್ನ ಎರಡನೇ ವರ್ಷ. ಮೊದಲ ವರ್ಷ ಮೂರು ಪಿನ್ನಿನ ಸಾದಾ ಸೈಟಲ್ಲಿ ಒಂದು ಹೆಣ್ಣು ಜಿಂಕೆ ಹೊಡೆದಿದ್ದೆ. ಅಷ್ಟಕ್ಕೇ ಕೊಬ್ಬು ಬಂತು ನೋಡಿ, ಅದನ್ನು ಬಿಚ್ಚಿಟ್ಟು 280 ಡಾಲರ್ ಕೊಟ್ಟು ಒಂದೇ ಪಿನ್ನಿನ ಸ್ಲೈಡರ್ ತಂದೆ. ಚಂದದ ಮಾಲು, ಸುಳ್ಳು ಹೇಳಬಾರದು. ಚಕ್ರ ತಿರುಗಿಸಿ 27 ಗಜ ಅಂದ್ರೆ 27ಕ್ಕೇ ನಿಲ್ಲುತ್ತೆ. ಕಣ್ಣ ಮುಂದೆ ಐದು ಚುಕ್ಕಿಗಳ ಗಲಾಟೆ ಇಲ್ಲ. ಒಂದೇ ಹಸಿರು ಚುಕ್ಕಿ, ದೀಪಾವಳಿ ಹಣತೆ ತರ.

ಅಕ್ಟೋಬರ್ ಮೂರನೇ ವಾರ, ವಾಟರ್ಲೂ ರಿಕ್ರಿಯೇಶನ್ ಏರಿಯಾದಲ್ಲಿ ಒಂದು ಬಿಳಿ ಓಕ್ ಮರದ ಹತ್ತಿರ ಕೂತಿದ್ದೆ. ಆ ವರ್ಷ ಓಕ್ ಕಾಯಿ ಸಿಕ್ಕಾಪಟ್ಟೆ ಉದುರಿತ್ತು, ತರಗೆಲೆ ಮೇಲೆ ಟಪ್ ಟಪ್ ಅಂತ ಬೀಳೋದು ಕೇಳ್ತಾನೇ ಇತ್ತು. ದೂರದ ಜೌಗಲ್ಲಿ ಸ್ಯಾಂಡ್‌ಹಿಲ್ ಕೊಕ್ಕರೆಗಳ ಗದ್ದಲ. ಸಂಜೆ ಆರೂಕಾಲಕ್ಕೆ ಹೆಣ್ಣು ಜಿಂಕೆ ಒಂದು ಬಂತು, ನಾನು ಮೊದಲೇ ಅಳೆದಿಟ್ಟಿದ್ದ ಹಿಕ್ಕರಿ ಮರದ ಪಕ್ಕಕ್ಕೇ ಬಂದು ಅಡ್ಡ ನಿಂತಿತು. 18 ಗಜ. ಇದಕ್ಕಿಂತ ಸುಲಭದ ಗುರಿ ದೇವರೂ ಕೊಡಲ್ಲ. ಎಳೆದೆ, ಮುಂಗಾಲಿನ ಹಿಂದೆ ಚುಕ್ಕಿ ಇಟ್ಟೆ, ಬಿಟ್ಟೆ. ಶ್ವಾಸಕೋಶಕ್ಕೆ ಹೊಕ್ಕರೆ ಒಂದು ಟೊಳ್ಳು ಶಬ್ದ ಬರುತ್ತೆ, ಕುಂಬಳಕಾಯಿ ಗುದ್ದಿದ ಹಾಗೆ. ಅದು ಬರಲಿಲ್ಲ. ಜಿಂಕೆ ಒಂದು ನೆಗೆತ ನೆಗೆದು ಮಾಯ.

ಇಳಿದು ಬಾಣ ಹುಡುಕಿದೆ. ಮಣ್ಣಿಗೆ ಓರೆಯಾಗಿ ಚುಚ್ಚಿತ್ತು. ಗರಿಗೆ ತುದಿ ಕಪ್ಪಗಿದ್ದ ಒರಟು ಕೂದಲು ನಾಲ್ಕೈದು, ಕಡ್ಡಿಗೆ ಬೆಣ್ಣೆ ಸವರಿದ ಹಾಗೆ ಕೊಬ್ಬು, ರಕ್ತ ಅಂದ್ರೆ ಒಂದು ಗೆರೆ. ಬೆನ್ನ ಮೇಲೆ ಉಜ್ಜಿಕೊಂಡು ಹೋಗಿದೆ. ಯಾಕೆ ಅಂತ ಬಿಲ್ಲು ತಿರುಗಿಸಿ ನೋಡಿದರೆ ಚಕ್ರ 40ರಲ್ಲಿ ನಿಂತಿದೆ. ಹಿಂದಿನ ಸಂಜೆ ಕ್ಲಬ್ಬಲ್ಲಿ ಕೊನೇ ಬಾಣ 40 ಗಜಕ್ಕೆ ಬಿಟ್ಟು, ತಿರುಗಿಸದೆ ಪೆಟ್ಟಿಗೆಗೆ ಹಾಕಿದ್ದೆ. ಆ ರಾತ್ರಿ ಟಾರ್ಚ್ ಹಿಡಿದು ಎರಡು ಗಂಟೆ, ಮರುದಿನ ಮಧ್ಯಾಹ್ನದವರೆಗೆ ಮಂಡಿಯೂರಿ ಎಲೆ ಎಲೆ ನೋಡಿದೆ. ಸಿಕ್ಕಲಿಲ್ಲ. ಬೆನ್ನ ಮೇಲಿನ ಗಾಯ, ಬದುಕಿರುತ್ತೆ ಅಂತ ಗೆಳೆಯರು ಸಮಾಧಾನ ಹೇಳಿದರು. ಇರಬಹುದು. ಇವತ್ತಿಗೂ ಬಿಳಿ ಓಕ್ ಕಾಯಿ ಉದುರೋ ಸದ್ದು ಕೇಳಿದರೆ ನನ್ನ ಕೈ ತಾನಾಗೇ ಸೈಟಿನ ಚಕ್ರಕ್ಕೆ ಹೋಗುತ್ತೆ. ಅಲ್ಲಿ ಚಕ್ರವೇ ಇಲ್ಲ ಈಗ.

ಆಮೇಲೆ ಮನೆಯಲ್ಲಿ ಎಕ್ಸೆಲ್ ತೆಗೆದು ಲೆಕ್ಕ ಹಾಕಿದೆ (ಎಂಜಿನಿಯರ್ ಬುದ್ಧಿ, ಶವ ಹೋದ ಮೇಲೆ ಪೋಸ್ಟ್‌ಮಾರ್ಟಮ್). ನನ್ನ ಬಾಣದ ವೇಗ ಸೆಕೆಂಡಿಗೆ ಸುಮಾರು 250 ಅಡಿ. ಸೈಟನ್ನು 40ಕ್ಕೆ ಇಟ್ಟು 18 ಗಜದಲ್ಲಿ ಬಿಟ್ಟರೆ ಬಾಣ ಎಂಟೂವರೆ ಅಂಗುಲ ಮೇಲೆ ಹೋಗುತ್ತೆ. ಜಿಂಕೆಯ ಎದೆಗೂಡಿನಲ್ಲಿ ನಾವು ಹೊಡೆಯಬೇಕಾದ ಜಾಗವೇ ಒಂದು ಊಟದ ಪೇಪರ್ ಪ್ಲೇಟಿನಷ್ಟು. ಅದೇ ನೀವು ಪಿನ್ನನ್ನು 20ಕ್ಕೆ ಕೂರಿಸಿ ಮುಟ್ಟದೆ ಬಿಟ್ಟರೆ, 10 ಗಜದಿಂದ 20ರವರೆಗೆ ಎಲ್ಲಿ ನಿಂತಿದ್ದರೂ ಒಂದು ಅಂಗುಲದೊಳಗೇ ಬೀಳುತ್ತೆ. 25ರಲ್ಲಿ ಎರಡೂವರೆ ಅಂಗುಲ ಕೆಳಗೆ. 30ಕ್ಕೆ ಬಂದಾಗ ಆರು ಅಂಗುಲ ಕೆಳಗೆ, ಆಗ ಮಾತ್ರ ಎರಡನೇ ಪಿನ್ ಬೇಕು.

ಹಾಗಾಗಿ ನನ್ನ ಉತ್ತರ: ಚಕ್ರ ಇಲ್ಲದ, ಮೂರು ಪಿನ್ನಿನ ಸ್ಥಿರ ಸೈಟ್. ಮೇಲಿನದು 20, ಅದರ ಕೆಳಗಿನದು 30. ಮೂರನೆಯದನ್ನು ಬಿಚ್ಚಿ ಡ್ರಾಯರಿಗೆ ಹಾಕಿ, ಮುಂದಿನ ವರ್ಷಕ್ಕೆ ಇರಲಿ. ಐದು ಪಿನ್ ಇದ್ದರೆ ಎದೆ ಡವಡವ ಅನ್ನುವಾಗ ಮೇಲಿಂದ ಎಣಿಸಬೇಕೋ ಕೆಳಗಿಂದ ಎಣಿಸಬೇಕೋ ಮರೆತುಹೋಗುತ್ತೆ. ಸ್ಲೈಡರ್ ಕೆಟ್ಟದ್ದಲ್ಲ, ಬಯಲು ಸೀಮೆಯಲ್ಲಿ ಎಲ್ಕ್ ಹೊಡೆಯೋರಿಗೆ, ಕೈ ಪಳಗಿದೋರಿಗೆ ಅದು ಸರಿ. ಇಲ್ಲಿಯ ಕಾಡಲ್ಲಿ 25 ಗಜ ಆಚೆ ಕಾಣೋದೇ ಅಪರೂಪ. ಇನ್ನೊಂದು ಲೆಕ್ಕ ಕೇಳಿ: 30 ಗಜ ಹೋಗೋಕೆ ಬಾಣಕ್ಕೆ 0.36 ಸೆಕೆಂಡ್ ಬೇಕು, ಹೆದೆಯ ಸದ್ದಿಗೆ 0.08 ಸಾಕು. ಸದ್ದು ಕೇಳಿದ ಜಿಂಕೆಗೆ ಕುಗ್ಗಿ ನೆಗೆಯೋಕೆ ಕಾಲು ಸೆಕೆಂಡಿಗೂ ಜಾಸ್ತಿ ಸಮಯ. ಅದಕ್ಕೇ ಮೊದಲ ವರ್ಷ 25ರ ಆಚೆ ಬಿಡಬೇಡಿ ಅನ್ನೋದು.

ಬ್ಯಾಟರಿಯದು, ತಾನೇ ದೂರ ಅಳೆಯೋದು ಎಲ್ಲಾ ಬಿಟ್ಟುಬಿಡಿ. ಕೊಲೊರಾಡೊ ತರದ ಕಡೆ ಅಂಥದ್ದನ್ನು ಬಿಲ್ಲಿಗೆ ಕಟ್ಟೋ ಹಾಗೇ ಇಲ್ಲ. ಅದಿರಲಿ, ಕೈಬೆರಳು ಮರಗಟ್ಟಿದ ಬೆಳಿಗ್ಗೆ ಸೆಲ್ ಸತ್ತರೆ ಏನು ಮಾಡ್ತೀರಿ? ಸುತ್ತಲಿನ ಬೆಳಕಿಗೇ ಹೊಳೆಯೋ ಫೈಬರ್ ಪಿನ್ ಸಾಕು. ಅದರ ದಪ್ಪದ ಬಗ್ಗೆ ಜನ ಜಗಳ ಆಡ್ತಾರೆ, .019 ಅಂಗುಲವೋ .029 ಅಂಗುಲವೋ ಅಂತ. 20 ಗಜದಲ್ಲಿ .029 ಪಿನ್ ಮುಚ್ಚೋದು ಮುಕ್ಕಾಲು ಅಂಗುಲ, ಅಷ್ಟೇ. ಮುಸ್ಸಂಜೆಯಲ್ಲಿ ದಪ್ಪದ್ದೇ ಚೆನ್ನಾಗಿ ಕಾಣುತ್ತೆ. ನನಗೆ ಐವತ್ತು ದಾಟಿದೆ, ನಾನು ದಪ್ಪದ್ದೇ. ಇಂಥ ಸೈಟಿಗೆ 60ರಿಂದ 100 ಡಾಲರ್ ಮೇಲೆ ಕೊಡಬೇಡಿ.

ಈಗ ಲಕ್ಕಿಯವರ ಬಿಲ್ಲು ಯಾಕೆ ಬೇಡ. ಕಾಂಪೌಂಡ್ ಬಿಲ್ಲು ಅಂದ್ರೆ ಚಪ್ಪಲಿ ಇದ್ದ ಹಾಗೆ, ಅಳತೆ ಸರಿ ಇರಬೇಕು. ಎರಡೂ ಕೈ ಚಾಚಿ ಬೆರಳ ತುದಿಯಿಂದ ತುದಿಗೆ ಅಳೆದು 2.5ರಿಂದ ಭಾಗಿಸಿ, ಅದು ನಿಮ್ಮ ಡ್ರಾ ಲೆಂಗ್ತಿನ (ಹೆದೆಯನ್ನು ಎಷ್ಟು ಉದ್ದ ಎಳೀತೀರಿ ಅನ್ನೋದರ) ಅಂದಾಜು. ನಿಮ್ಮ ಎತ್ತರಕ್ಕೆ 27 ಅಂಗುಲದ ಆಸುಪಾಸು ಬರಬಹುದು. ನಾನು ಮೊದಲು ಹೋದ ಅಂಗಡಿಯಲ್ಲಿ ಸ್ಟಾಕಲ್ಲಿದ್ದದ್ದು 29ರದ್ದು ಅಂತ ಅದನ್ನೇ ದಾಟಿಸಿದರು. ಎರಡು ತಿಂಗಳು ಎಡಗೈ ಒಳಭಾಗ ಹಾಗಲಕಾಯಿ ಬಣ್ಣಕ್ಕೆ ತಿರುಗಿತ್ತು, ಹೆದೆ ಹೊಡೆದೂ ಹೊಡೆದೂ. ನಾನು ಮಾತ್ರ ಸೈಟನ್ನೇ ಬೈಕೊಂಡು ಅದರ ಸ್ಕ್ರೂ ತಿರುಗಿಸ್ತಾ ಕೂತಿದ್ದೆ.

ಆಮೇಲೆ ಎಳೆತದ ತೂಕ. 70 ಪೌಂಡ್ ಯಾಕೆ ಮಾರಾಯ್ರೆ? ಬಿಳಿಬಾಲದ ಜಿಂಕೆಗೆ 45-50 ಪೌಂಡ್ ಧಾರಾಳ ಸಾಕು. ಒಂದು ಪರೀಕ್ಷೆ ಇದೆ: ಕುರ್ಚಿ ಮೇಲೆ ಕೂತು ಎರಡೂ ಪಾದ ನೆಲದಿಂದ ಎತ್ತಿ. ಬಿಲ್ಲನ್ನು ಗುರಿಯ ಕಡೆಗೇ ಚಾಚಿ ಹಿಡಿದು ಎಳೀರಿ. ಬಿಲ್ಲನ್ನು ಆಕಾಶಕ್ಕೆ ಎತ್ತಿ ಕುಸ್ತಿ ಮಾಡಿದರೆ ಮಾತ್ರ ಬರುತ್ತೆ ಅಂದ್ರೆ ಆ ತೂಕ ನಿಮ್ಮದಲ್ಲ. ನವೆಂಬರ್ ಚಳಿಯಲ್ಲಿ ಮೂರು ಜಾಕೆಟ್ ಹಾಕಿಕೊಂಡು, ಜಿಂಕೆ ನೋಡ್ತಿರುವಾಗ ಎಳೀಬೇಕು ನೀವು. ಕಾಂಪೌಂಡಿನ ವರವೇ ಬೇರೆ: 50 ಪೌಂಡ್ ಎಳೆದು ಮುಗಿಸಿದ ಮೇಲೆ, ಲೆಟ್-ಆಫ್ (ಪೂರ್ತಿ ಎಳೆದ ಮೇಲೆ ಕಮ್ಮಿಯಾಗೋ ಭಾರ) 80 ಪರ್ಸೆಂಟ್ ಇದ್ದರೆ, ಕೈಯಲ್ಲಿ ನಿಲ್ಲೋದು ಹತ್ತೇ ಪೌಂಡ್. 5ರಿಂದ 70 ಪೌಂಡ್‌ವರೆಗೆ, ಡ್ರಾ ಲೆಂಗ್ತೂ ಬೇಕಾದ ಹಾಗೆ ಬದಲಾಯಿಸೋ ಬಿಲ್ಲುಗಳು ಸೈಟು, ರೆಸ್ಟು, ಬತ್ತಳಿಕೆ ಸಮೇತ 400-500 ಡಾಲರಿಗೆ ಸಿಗ್ತಾವೆ. ಬೇರ್‌ನ ಕ್ರೂಜರ್, ಡೈಮಂಡ್‌ನ ಇನ್ಫಿನಿಟ್ ಎಡ್ಜ್, ಆ ಜಾತಿಯವು. ನೀವು ತಗೊಳ್ಳಬೇಕಾದ್ದು ಅದು.

(ಬೇರ್ ಅಂದಾಗ ನೆನಪಾಯ್ತು. ಆ ಕಂಪನಿ ಕಟ್ಟಿದ ಫ್ರೆಡ್ ಬೇರ್ ಡೆಟ್ರಾಯ್ಟ್‌ಗೆ ಬಂದದ್ದು ನಮ್ಮ ಹಾಗೇ ಕಾರಿನ ಕೆಲಸಕ್ಕೆ, ಪ್ಯಾಕರ್ಡ್ ಕಂಪನಿಯಲ್ಲಿ ಪ್ಯಾಟರ್ನ್ ಮೇಕರ್ (ಎರಕದ ಅಚ್ಚಿಗೆ ಮಾದರಿ ಮಾಡೋನು) ಆಗಿದ್ದವನು. 1933ರಲ್ಲಿ ಇಲ್ಲೇ ಶುರು ಮಾಡಿ ಆಮೇಲೆ ಗ್ರೇಲಿಂಗ್‌ಗೆ ಹೋದ. ಟೂಲ್‌ರೂಮ್ ಜನಕ್ಕೂ ಬಿಲ್ಲಿಗೂ ಏನೋ ನಂಟಿದೆ ಅಂತ ನನಗೆ ಅನ್ನಿಸೋದು.)

ಉಳಿದದ್ದು ಬೇಗ ಹೇಳಿಬಿಡ್ತೀನಿ. ಬಾಣ ಕೂರೋ ರೆಸ್ಟು: ವಿಸ್ಕರ್ ಬಿಸ್ಕೆಟ್, ಸುತ್ತ ಬಿರುಗೂದಲಿನ ಬ್ರಶ್ಶಿನ ಹಾಗೆ ಇರುತ್ತೆ, ಬಿಲ್ಲು ತಲೆಕೆಳಗಾದರೂ ಬಾಣ ಬೀಳಲ್ಲ. ಹೆದೆ ಬಿಡೋಕೆ ಮಣಿಕಟ್ಟಿಗೆ ಕಟ್ಟೋ ರಿಲೀಸ್, 50 ಡಾಲರ್ ಒಳಗಿನದು. ಬಾಣ ಆರು ಸಾಕು. ಅದರ ಮೇಲಿರೋ ಸ್ಪೈನ್ ನಂಬರ್ ನೋಡಿ ತಗೊಳ್ಳಿ: 28 ಅಂಗುಲದ ಅಂತರದಲ್ಲಿ ಆನಿಸಿ ನಡುವೆ 1.94 ಪೌಂಡ್ ತೂಗು ಹಾಕಿದರೆ ಅರ್ಧ ಅಂಗುಲ ಬಾಗಿತು ಅಂದ್ರೆ ಅದು 500. ನಂಬರ್ ಹೆಚ್ಚಾದಷ್ಟೂ ಬಾಣ ಮೆದು. ನಿಮ್ಮ ಅಳತೆಗೆ 500ರ ಹತ್ತಿರ ಬರುತ್ತೆ, ಬಾಣ ಮಾಡಿದವರ ಚಾರ್ಟಲ್ಲಿ ಒಮ್ಮೆ ತಾಳೆ ನೋಡಿ. ಮೊನೆ: 100 ಗ್ರೇನ್ (ಸುಮಾರು ಆರೂವರೆ ಗ್ರಾಂ) ತೂಕದ, ಸ್ಥಿರ ಅಲಗಿನದು. ತಾಗಿದ ಮೇಲೆ ಬಿಚ್ಚಿಕೊಳ್ಳೋ ಅಲಗು ಜೋರಾಗಿ ಕಾಣುತ್ತೆ, ಆದರೆ ಬಿಚ್ಚಿಕೊಳ್ಳೋಕೂ ಬಾಣದ ಶಕ್ತಿಯೇ ಖರ್ಚು. 50 ಪೌಂಡಿನವನಿಗೆ ಆ ದುಂದು ಬೇಡ. ಬಾಣ ಹೂಡದೆ ಹೆದೆ ಎಳೆದು ಬಿಡೋದು ಮಾತ್ರ ಯಾವತ್ತೂ ಬೇಡ, ಬಿಲ್ಲು ಕೈಯಲ್ಲೇ ಸಿಡಿಯುತ್ತೆ. ಮಕ್ಕಳಿದ್ದರೆ ಪೆಟ್ಟಿಗೆಗೆ ಬೀಗ.

ಮರ ಹತ್ತೋದಾದರೆ ಮೈಪೂರ್ತಿ ಹಾರ್ನೆಸ್ (ಬೀಳದ ಹಾಗೆ ಮರಕ್ಕೆ ಬಿಗಿದುಕೊಳ್ಳೋ ಪಟ್ಟಿ), ನೆಲ ಬಿಟ್ಟಲ್ಲಿಂದ ನೆಲ ಮುಟ್ಟೋ ತನಕ. ಸೈಟಿಗೆ ಉಳಿಸಿದ ದುಡ್ಡನ್ನು ಇಲ್ಲಿ ಹಾಕಿ.

---

ಹತ್ತಕ್ಕೆ ಹತ್ತು · ಜುಲೈ 13

ನಾನು ಬೇಟೆಯವಳಲ್ಲ, ಬೆಂಗಳೂರಲ್ಲಿ ಮಕ್ಕಳಿಗೆ ಟಾರ್ಗೆಟ್ ಕಾಂಪೌಂಡ್ ಹೇಳಿಕೊಡ್ತೀನಿ. ಹ್ಯಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಜ್ಯೋತಿ ಸುರೇಖಾ ಮೂರು ಚಿನ್ನ ತಂದ ಮೇಲೆ ನಮ್ಮ ಕ್ಲಾಸಲ್ಲಿ ಜಾಗ ಸಾಲ್ತಿಲ್ಲ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೂ ಕಾಂಪೌಂಡ್ ಮಿಕ್ಸೆಡ್ ಟೀಮ್ ಬಂತಲ್ಲ, ಇನ್ನು ಕೇಳೋದೇ ಬೇಡ. ನಮ್ಮ ಸೈಟೇ ಬೇರೆ ಜಾತಿ, ಒಂದು ಲೆನ್ಸು, ನಡುವೆ ಒಂದು ಚುಕ್ಕಿ, ಹೊರಾಂಗಣದಲ್ಲಿ ಯಾವಾಗಲೂ 50 ಮೀಟರ್. ಅದನ್ನು ಕಾಡಿಗೆ ಒಯ್ಯಬೇಡಿ, ಮಂಜು ಹಿಡಿದರೆ ಏನೂ ಕಾಣಲ್ಲ.

ಮರಸು ಅವರು ಎಲ್ಲಾ ಹೇಳಿದರು, ಮೊದಲನೇದನ್ನೇ ಬಿಟ್ಟರು. ಬಿಲ್ಲು ಕೊಳ್ಳೋಕೆ ಮುಂಚೆ ಯಾವ ಕಣ್ಣು ಯಜಮಾನ ಅಂತ ನೋಡಿ. ಎರಡೂ ಕೈ ಮುಂದಕ್ಕೆ ಚಾಚಿ, ಅಂಗೈಗಳ ನಡುವೆ ಚಿಕ್ಕ ತ್ರಿಕೋನ ಕಿಂಡಿ ಮಾಡಿ, ಎರಡೂ ಕಣ್ಣು ಬಿಟ್ಟುಕೊಂಡು ಅದರೊಳಗೆ ಗೋಡೆ ಗಡಿಯಾರ ನೋಡಿ. ಈಗ ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ತೆರೆದಿದ್ದಾಗ ಗಡಿಯಾರ ಕಿಂಡಿಯಲ್ಲೇ ಉಳಿಯುತ್ತೋ ಅದು ನಿಮ್ಮ ಕಣ್ಣು. ಬಿಲ್ಲು ಆ ಕಣ್ಣಿನ ಕಡೆಯದ್ದಾಗಿರಬೇಕು, ಬರೆಯೋ ಕೈ ಯಾವುದೇ ಇರಲಿ.

ಎರಡನೇದು, ಹೆದೆಯಲ್ಲಿ ಕೂರಿಸೋ ಪೀಪ್, ಕಣ್ಣಿಟ್ಟು ನೋಡೋ ಸಣ್ಣ ದುಂಡು ಕಿಂಡಿ. ಹೊಸಬರೆಲ್ಲ ಪಿನ್ನನ್ನು ಪೀಪಿನ ನಡುವೆ ತರೋಕೆ ಒದ್ದಾಡ್ತಾರೆ. ಪಿನ್ ಎರಡು ಮೂರು ಇದ್ದಾಗ ಅದು ತಪ್ಪು. ಸೈಟಿನ ದುಂಡನೆ ಚೌಕಟ್ಟು ಪೀಪಿನ ದುಂಡೊಳಗೆ ಸರಿಯಾಗಿ ಕೂರಬೇಕು, ಬಳೆಯೊಳಗೆ ಬಳೆ ಇಟ್ಟ ಹಾಗೆ. ಆಮೇಲೆ ಬೇಕಾದ ಪಿನ್ನನ್ನು ಗುರಿಗೆ ಇಡಿ. ಸೈಟಿನ ಕೆಳಗೆ ಮಟ್ಟ ತೋರಿಸೋ ನೀರಗುಳ್ಳೆ ನಡುವಿಗೆ ಬಂದಿದೆಯಾ ನೋಡಿ, ಬಿಲ್ಲು ವಾಲಿದರೆ ಬಾಣವೂ ವಾಲಿದ ಕಡೆಗೇ ಜಾರುತ್ತೆ.

ರಿಲೀಸ್ ಗುಂಡಿಯನ್ನು ಬೆರಳಿಂದ ಕುಟ್ಟಬೇಡಿ. ಬೆರಳು ಸುತ್ತಿಟ್ಟು ಬೆನ್ನಿಂದ ಎಳೀತಾ ಇರಿ, ಅದು ತಾನೇ ಬಿಟ್ಟುಕೊಳ್ಳಲಿ. ದಿನಕ್ಕೆ ಇಪ್ಪತ್ತು ಬಾಣ ಚೆನ್ನಾಗಿ ಬಿಡಿ ಸಾಕು. ಭಾನುವಾರ ಇನ್ನೂರು ಬಿಟ್ಟು ಸೋಮವಾರ ಭುಜಕ್ಕೆ ಮೂವ್ ಹಚ್ಚಿಕೊಳ್ಳೋದು ಬೇಡ.

---

ತುಮಕೂರು ಟು ಕ್ಯಾಂಟನ್ · ಆಗಸ್ಟ್ 9

ಮೇಡಂ, ನಿಮ್ಮ ಕಾಲಿಗೆ ಬಿದ್ದೆ. ನಾನು ಬಲಗೈಯವನು, ಕಣ್ಣು ಎಡದ್ದು! ಮೂವತ್ತೆಂಟು ವರ್ಷ ಗೊತ್ತೇ ಇರಲಿಲ್ಲ. ಹೆಂಡತಿ ಹತ್ರ ಮೂರು ಸಲ ಪರೀಕ್ಷೆ ಮಾಡಿಸಿದೆ. ಲಕ್ಕಿ ಅವರೇ, ಕ್ಷಮಿಸಿ, ಬಿಸಿಬೇಳೆಬಾತ್ ಆಫರ್ ಮಾತ್ರ ಹಾಗೇ ಇರಲಿ.

ಎಡಗೈ ಬಿಲ್ಲಿಗೆ ನಾಲ್ಕು ಅಂಗಡಿ ತಿರುಗಿದೆ, ಕೊನೆಗೆ ಆರ್ಡರ್ ಮಾಡಿ ತರಿಸಿದೆ. 48 ಪೌಂಡ್, 27 ಅಂಗುಲ, ಮೂರು ಪಿನ್ನು, ಬಿಸ್ಕೆಟ್ಟು. ಬಾಣ, ರಿಲೀಸ್, ಮೊನೆ, ಗುರಿಗೆ ಫೋಮ್ ಚೀಲ, ಹಾರ್ನೆಸ್ ಎಲ್ಲಾ ಸೇರಿ 742 ಆಯ್ತು. 42 ಡಾಲರ್ ಮನೇಲಿ ಹೇಳಿಲ್ಲ.

ಈಗ ಸಮಸ್ಯೆ. 20 ಗಜದಲ್ಲಿ ಬಾಣ ಎಡಕ್ಕೆ, ಸ್ವಲ್ಪ ಕೆಳಗೆ ಬೀಳ್ತಿದೆ. ಪಿನ್ನನ್ನು ಬಲಕ್ಕೆ ಸರಿಸಿದೆ, ಇನ್ನೂ ಎಡಕ್ಕೆ ಹೋಯ್ತು. ಮತ್ತೆ ಬಲಕ್ಕೆ ಸರಿಸಿದೆ, ಚೀಲನೇ ತಪ್ಪಿ ಬೇಲಿಗೆ ಚುಚ್ಚಿತು. ಎಡಗೈ ಬಿಲ್ಲಿಗೆ ಎಲ್ಲಾ ಉಲ್ಟಾನಾ?

---

ಮರಸು · ಆಗಸ್ಟ್ 9

ಉಲ್ಟಾ ಅಲ್ಲ, ಎಲ್ಲರಿಗೂ ಹೀಗೇ. ಬಾಣ ಎಲ್ಲಿ ಹೋಯ್ತೋ ಪಿನ್ನನ್ನೂ ಅಲ್ಲಿಗೇ ಕಳಿಸಿ. ಬಾಣ ಎಡಕ್ಕೆ ಬಿದ್ದರೆ ಪಿನ್ ಎಡಕ್ಕೆ, ಕೆಳಗೆ ಬಿದ್ದರೆ ಪಿನ್ ಕೆಳಕ್ಕೆ. ಎಡಕ್ಕಿರೋ ಪಿನ್ನನ್ನು ಗುರಿಯ ಮೇಲೆ ತರೋಕೆ ನೀವು ಇಡೀ ಬಿಲ್ಲನ್ನೇ ಬಲಕ್ಕೆ ತಿರುಗಿಸಬೇಕಲ್ಲ, ಬಾಣವೂ ಬಲಕ್ಕೆ ಬರುತ್ತೆ.

ಮೊದಲು ಬೇಲಿ ಉಳಿಸಿಕೊಳ್ಳಿ. ಹತ್ತು ಗಜಕ್ಕೆ ಬನ್ನಿ, ಅಲ್ಲಿ ಎಡಬಲ ಸರಿ ಮಾಡಿ, ಆಮೇಲೆ 20ಕ್ಕೆ ಹೋಗಿ. ಒಂದು ಬಾಣ ನೋಡಿ ಸ್ಕ್ರೂ ಮುಟ್ಟಬೇಡಿ. ಮೂರು ಬಿಡಿ, ಆ ಮೂರರ ನಡುವೆ ಎಲ್ಲಿ ಅಂತ ನೋಡಿ, ಆಗ ಸರಿಸಿ. 20ರ ಪಿನ್ನಿಗೆ ಇಡೀ ಸೈಟನ್ನೇ ಸರಿಸಿ ಕೂರಿಸಬೇಕು. 30ರದ್ದನ್ನು ಆಮೇಲೆ ಬರೀ ಮೇಲೆ ಕೆಳಗೆ. ಎಲ್ಲಾ ಮುಗಿದ ಮೇಲೆ ಸ್ಕ್ರೂಗಳ ಪಕ್ಕ ಬಿಳಿ ಪೇಂಟಲ್ಲಿ ಒಂದು ಗೆರೆ ಎಳೀರಿ. ಕಾರಲ್ಲಿ ಅಲುಗಾಡಿ ಸರಿದಿದ್ದರೆ ನೋಡಿದ ತಕ್ಷಣ ಗೊತ್ತಾಗುತ್ತೆ. ಬೆಳಿಗ್ಗೆ ಹೂಡೋ ಮುಂಚೆ ಪ್ರತಿಯೊಂದು ಬಾಣವನ್ನೂ ಎರಡೂ ತುದಿ ಹಿಡಿದು ಮೆಲ್ಲಗೆ ಬಗ್ಗಿಸಿ, ಕಿವಿ ಹತ್ತಿರ ಇಟ್ಟು ಕೇಳಿ. ಬಾಣದ ಕಾರ್ಬನ್ ಕಡ್ಡಿ ಒಳಗೆ ಬಿರುಕು ಬಿಟ್ಟಿದ್ದರೆ ಚಟ್ ಅನ್ನುತ್ತೆ, ಅಂಥದ್ದನ್ನು ಅಲ್ಲೇ ಮುರಿದು ಬಿಸಾಕಿ. ಬೇಲಿಗೆ ಚುಚ್ಚಿದ್ದನ್ನು ಮೊದಲು ನೋಡಿ.

ಸೆಪ್ಟೆಂಬರ್ ಬಂದ ಮೇಲೆ ಬೇಟೆ ಮೊನೆಯನ್ನೇ ಹಾಕಿ ಬಿಟ್ಟು ನೋಡಬೇಕು, ಅಭ್ಯಾಸದ ಮೊನೆ ಬಿದ್ದಲ್ಲಿಗೇ ಬೀಳಬೇಕೆಂಬ ನಿಯಮ ಇಲ್ಲ. ಮಹಡಿ ಮೆಟ್ಟಿಲ ಮೇಲೋ ಡೆಕ್ ಮೇಲೋ ನಿಂತು ಕೆಳಕ್ಕೆ ಹೊಡೆದೂ ನೋಡಿ. ಎತ್ತರದ ಲೆಕ್ಕಕ್ಕೆ ಜನ ಹೆದರ್ತಾರೆ. 20 ಅಡಿ ಮೇಲಿಂದ ನೇರ ಅಳತೆ 20 ಗಜ ಬಂದರೆ ನೆಲದ ಅಳತೆ 19ಕ್ಕೆ ಸ್ವಲ್ಪ ಕಮ್ಮಿ, ಅಷ್ಟೇ ವ್ಯತ್ಯಾಸ. ಬರೀ ತೋಳು ಇಳಿಸದೆ ಸೊಂಟದಿಂದ ಬಾಗಿ, ಸಾಕು.

---

ಕಳಸದ ಹೈದ · ಆಗಸ್ಟ್ 10

ಓದಿ ಕೈ ತುರಿಸ್ತಾ ಇದೆ. ಇಲ್ಲಿ ತೋಟಕ್ಕೆ ದಿನಾ ಹಂದಿ ನುಗ್ತವೆ. ಇಂಥ ಬಿಲ್ಲು ಇಂಡಿಯಾಕ್ಕೆ ತರಿಸಿಕೊಳ್ಳಬಹುದಾ?

---

ಮರಸು · ಆಗಸ್ಟ್ 10

ಗುರಿಯ ಆಟಕ್ಕೆ ಬಿಲ್ಲು ಬೇಕಾದರೆ ಮೇಡಂ ಹತ್ರ ಹೋಗಿ ಕಲೀರಿ. ಹಂದಿ ಆಸೆ ಬಿಡಿ. 1972ರ ವನ್ಯಜೀವಿ ಕಾಯ್ದೆ ಬಂದೂಕು, ಬಿಲ್ಲು, ಉರುಳು ಅಂತ ಭೇದ ಮಾಡಲ್ಲ. ತೋಟ ಹಾಳಾದರೆ ಅರಣ್ಯ ಇಲಾಖೆಗೆ ಅರ್ಜಿ ಕೊಡಿ, ಅದೊಂದೇ ದಾರಿ.

ನಮ್ಮಜ್ಜನ ಕಾಲ ಬೇರೆ ಇತ್ತು. ಸೋವಿನ ಬೇಟೆಯಲ್ಲಿ (ಗದ್ದಲ ಮಾಡಿ ಪ್ರಾಣಿ ಎಬ್ಬಿಸಿ ಓಡಿಸೋದು) ಕೋವಿ ಹಿಡಿದು ಕಾಯೋ ಜಾಗಕ್ಕೆ ಅಜ್ಜ 'ಬಿಲ್ಲು' ಅನ್ನೋರು, "ನಾನು ಹಳ್ಳದ ಬಿಲ್ಲಿಗೆ ನಿಂತಿದ್ದೆ" ಅಂತ. ಕೈಯಲ್ಲಿ ಬಿಲ್ಲು ಹೋಗಿ ಯಾವ ಕಾಲವಾಗಿತ್ತೋ, ಮಾತಲ್ಲಿ ಮಾತ್ರ ಉಳಿದಿತ್ತು. ಮರದ ಮೇಲೆ ಅಡಗಿ ಕೂರೋದಕ್ಕೆ ಮರಸು. ಇಲ್ಲಿ ಅಂಗಡಿಯಲ್ಲಿ ಟ್ರೀ ಸ್ಟ್ಯಾಂಡ್ ಅಂತ ಡಬ್ಬದಲ್ಲಿ ಮಾರ್ತಾರೆ. ನಾನು ಆ ಹೆಸರು ಇಟ್ಟುಕೊಂಡದ್ದು ಅದಕ್ಕೇ.

---

ತುಮಕೂರು ಟು ಕ್ಯಾಂಟನ್ · ಅಕ್ಟೋಬರ್ 6

ವರದಿ ಒಪ್ಪಿಸ್ತಿದೀನಿ. ಈ ವರ್ಷ ಆಯುಧಪೂಜೆಯೂ ಸೀಸನ್ ಶುರುವಾಗೋದೂ ಒಂದೇ ದಿನ, ಅಕ್ಟೋಬರ್ 1. ಕಾರು, ಲ್ಯಾಪ್‌ಟಾಪು, ಮಿಕ್ಸಿ ಪಕ್ಕ ಬಿಲ್ಲನ್ನೂ ಇಟ್ಟಿದ್ದೆ. ಹೆಂಡತಿ ಅದಕ್ಕೆ ಅರಿಶಿನ ಕುಂಕುಮ ಇಟ್ಟಳು, ಆದರೆ "ಮಾಂಸ ತಂದ್ರೆ ಗ್ಯಾರೇಜ್ ಫ್ರಿಜ್ಜು" ಅಂದಳು. ಸೈಟಿನ ಸ್ಕ್ರೂ ಮೇಲೆ ಕುಂಕುಮ ಇನ್ನೂ ಹಾಗೇ ಇದೆ, ನೀವು ಹೇಳಿದ ಬಿಳಿ ಗೆರೆ ಪಕ್ಕ.

ಮೂರು ಸಂಜೆ ಕೂತೆ. ಮೊದಲೆರಡು ದಿನ ಅಳಿಲು. ನಿನ್ನೆ ಕತ್ತಲಾಗೋಕೆ ಮುಂಚೆ ಕೊಂಬಿರೋದು ಒಂದು ಬಂತು, ಸಣ್ಣದು, ನಾಲ್ಕು ಕವಲು. ಬಲಗಡೆ ಪೊದೆ ಆಚೆ ಅಡ್ಡ ನಿಂತಿತು. ಆ ಕಡೆ ಮರಗಳನ್ನು ನಾನು ಅಳೆದೇ ಇರಲಿಲ್ಲ, ದೂರ ಅಳೆಯೋ ರೇಂಜ್‌ಫೈಂಡರ್ ಬ್ಯಾಗಲ್ಲಿ, ಬ್ಯಾಗು ಕಾಲ ಹತ್ತಿರ. 30 ಇರಬೇಕು ಅನ್ನಿಸಿ ಎಳೆದೆ. ಬಳೆಯೊಳಗೆ ಬಳೆ ಕೂತಿತು, ಗುಳ್ಳೆ ನಡುವಲ್ಲಿತ್ತು, 30ರ ಪಿನ್ನು ಮುಂಗಾಲ ಹಿಂದೆ ನಿಂತಿತು. ನಿಮ್ಮ 18 ಗಜದ ಜಿಂಕೆ ನೆನಪಾಯ್ತು. ಇಳಿಸಿದೆ. ಕೈ ನಡುಗಿ ಬಾಣ ರೆಸ್ಟಿಗೆ ಕಟಕಟ ಅಂತು, ಅದು ತಲೆ ಎತ್ತಿ ನೋಡಿ ನಡ್ಕೊಂಡು ಹೋಯ್ತು.

ಇಳಿದು ಹೆಜ್ಜೆ ಎಣಿಸಿದೆ. 41.

---

ಮರಸು · ಅಕ್ಟೋಬರ್ 6

ಅದು ಬಂದ ದಾರಿ ನೋಡಿಟ್ಟಿದೀರಾ? ಮರ ಬದಲಾಯಿಸಿ, ಆ ಕಡೆಗೆ ಇಪ್ಪತ್ತು ಗಜ ಸರಿದು ಕೂರಿ. ಗಾಳಿ ನಿಮ್ಮಿಂದ ಪೊದೆ ಕಡೆಗೆ ಬೀಸ್ತಿದ್ದರೆ ಆ ದಿನ ಹೋಗಲೇ ಬೇಡಿ. ಹತ್ತಿದ ಕೂಡಲೇ ನಾಲ್ಕೂ ಕಡೆ ಒಂದೊಂದು ಮರ ಅಳೆದುಬಿಡಿ, ರೇಂಜ್‌ಫೈಂಡರ್ ಕೊರಳಲ್ಲಿರಲಿ. ಶನಿವಾರ ನಾನು ಖಾಲಿ ಇದೀನಿ, ಬರ್ತೀನಿ.